ವಿಷ ಇಡದೆ ಇಲಿ ಕಾಟ ತಪ್ಪಿಸುವುದು
(ಹಾವೇರಿ ಸಮೀಪದ ಹಳ್ಳಿಯೊಂದರ ಮಹಿಳಾ ಸಂಘದ ಸಭೆಯಲ್ಲಿ ಆಡಿದ ಮಾತು)

ಅಕ್ಕ-ತಂಗಿಯರಿಗೆ, ಹಿರಿಯರಿಗೆ ನಮಸ್ಕಾರ.

ಇನ್ನು ಸ್ವಲ್ಪ ದಿನಕ್ಕೆ ಗೋವಿನಜೋಳದ ರಾಶಿ. ಚೀಲಗಳು ಪಡಸಾಲೆಗೆ ಬರುತ್ತವೆ, ಬೆನ್ನಿಗೇ ಇಲಿಗಳೂ ಬರುತ್ತವೆ. ಆಗ ಅಂಗಡಿಗೆ ಹೋಗಿ ಇಲಿ ಪಾಷಾಣ ತರುವುದು ನಮ್ಮ ರೂಢಿ. ಈ ವರ್ಷ ಅದನ್ನು ಬಿಡಿ ಎಂದು ಕೇಳಿಕೊಳ್ಳಲು ಬಂದಿದ್ದೇನೆ.

ಕಪ್ಪು ಪುಡಿ ಇದೆಯಲ್ಲ, ಜಿಂಕ್ ಫಾಸ್ಫೈಡ್, ಅದು ಹೊಟ್ಟೆಗೆ ಹೋದರೆ ಫಾಸ್ಫೀನ್ ಎಂಬ ವಿಷಗಾಳಿ ಹುಟ್ಟುತ್ತದೆ. ಟ್ಯೂಬಿನ ಹಳದಿ ರಂಜಕ ಲಿವರ್ ಕೆಡಿಸುತ್ತದೆ. ಇವೆರಡರ ವಿಷ ಇಳಿಸುವ ಮದ್ದೇ ಇಲ್ಲ. ಆ ಟ್ಯೂಬು ಹಲ್ಲುಜ್ಜುವ ಪೇಸ್ಟಿನ ಹಾಗೇ ಕಾಣುತ್ತದೆ. ಕೂಸಿಗೆ ಹೇಗೆ ಗೊತ್ತಾಗಬೇಕು? ಬೇಸರದ ಗಳಿಗೆಯಲ್ಲಿ ದೊಡ್ಡವರ ಕೈಗೂ ಅದು ಸಿಗಬಾರದು. ಇನ್ನು ಬ್ರೊಮಾಡಿಯೋಲೋನ್ ಕೇಕು ತಿಂದ ಇಲಿಯನ್ನು ಬೆಕ್ಕೋ ಗೂಗೆಯೋ ತಿಂದರೆ ಅವೂ ಸಾಯಬಹುದು. ಇಲಿ ಹಿಡಿಯುವ ಜೀವಗಳನ್ನು ನಾವೇ ಕಳೆದುಕೊಂಡಂತೆ ಅಲ್ವಾ?

ವಿಷ ತಿಂದ ಇಲಿ ಬಿಲದಲ್ಲೋ ಅಟ್ಟದಲ್ಲೋ ಸಾಯುತ್ತದೆ. ನಾತ ಒಂದು ಕಡೆ, ಮೈಮೇಲಿನ ಚಿಗಟಗಳು ಅದನ್ನು ಬಿಟ್ಟು ಹೊರಬರುವುದು ಇನ್ನೊಂದು ಕಡೆ. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿತ್ತು. ಇಲಿಯಿಂದ ಮನುಷ್ಯರಿಗೆ ಅದನ್ನು ತರುವುದು ಚಿಗಟ ಎಂದು ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಕಂಡುಕೊಂಡದ್ದು ಅದೇ ವರ್ಷ.

ಹಾಗಾದರೆ ಏನು ಮಾಡಬೇಕು? ಮೊದಲು ದಾರಿ ಹುಡುಕಿ. ಹೆಬ್ಬೆರಳು ತೂರುವ ಸಂದಿ ಇಲಿಗೆ ಸಾಕು. ಚಿಟ್ಟಿಲಿಗೆ ಪೆನ್ಸಿಲ್ ತೂರುವಷ್ಟಿದ್ದರೂ ಆಯಿತು. ರಾತ್ರಿ ತೂತಿಗೆ ಕಾಗದ ತುರುಕಿಡಿ. ಬೆಳಿಗ್ಗೆ ಅದು ಹೊರಗೆ ಬಿದ್ದಿದ್ದರೆ ಅಲ್ಲಿ ಓಡಾಟ ಇದೆ ಎಂದು ಗೊತ್ತಾಗುತ್ತದೆ. ಬಾಗಿಲ ಕೆಳಗಿನ ಸಂದಿಯನ್ನು ಎಲ್ಲರೂ ಮರೆಯುತ್ತಾರೆ. ಅಲ್ಲಿಗೆ ತಗಡಿನ ಪಟ್ಟಿ ಹೊಡೆಸಿ. ಬಚ್ಚಲ ತೂತಿಗೆ ಕಬ್ಬಿಣದ ಜಾಲರಿ. ಗೋಡೆಯ ತೂತಿಗೆ ಪಾತ್ರೆ ತಿಕ್ಕುವ ಸ್ಟೀಲಿನ ಎಳೆ ತುಂಬಿ ಮೇಲೆ ಸಿಮೆಂಟು ಮೆತ್ತಿ. ಬರೀ ಮಣ್ಣು, ಬಟ್ಟೆ ನಿಲ್ಲುವುದಿಲ್ಲ, ಕೆರೆದು ಕಡಿದು ಹಾಕುತ್ತವೆ. ಹಲ್ಲು ಬೆಳೆಯುತ್ತಲೇ ಇರುತ್ತದೆ, ಕಡಿಯದೆ ಅವಕ್ಕೆ ವಿಧಿಯಿಲ್ಲ.

ಆದರೆ ಒಳಗಿರುವ ಇಲಿಗಳನ್ನು ಹಿಡಿಯದೆ ತೂತು ಮುಚ್ಚಿದರೆ ಅವು ಒಳಗೇ ಉಳಿಯುತ್ತವೆ. ಅದಕ್ಕೆ ಬೋನು ಬೇಕು. ಬೋನಿಟ್ಟೆವು, ಬೀಳಲಿಲ್ಲ ಎಂದು ತುಂಬಾ ಜನ ಹೇಳುತ್ತಾರೆ. ಕೇಳಿ ನೋಡಿದರೆ ಕೋಣೆಯ ನಡುವೆ ಇಟ್ಟಿರುತ್ತಾರೆ. ಇಲಿ ಮೀಸೆ ತಾಗಿಸಿಕೊಂಡು ಗೋಡೆ ಗುಂಟ ನಡೆಯುವ ಪ್ರಾಣಿ. ಬೋನು ಗೋಡೆಗೇ ಇರಬೇಕು. ಬಡಿಯುವ ಹಲಗೆ ಬೋನಾದರೆ ತಿನಿಸಿನ ತುದಿ ಗೋಡೆ ಕಡೆಗಿರಲಿ, ಆದರೆ ಮಕ್ಕಳ ಕೈಗೆ ಸಿಗದಂತೆ ಇಡಿ. ದೊಡ್ಡ ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ಹಾಗಾಗಿ ಮೂರು ನಾಲ್ಕು ದಿನ ಬೋನು ಹೂಡದೆ ಸುಮ್ನೆ ತಿನಿಸು ಇಡಿ. ಧೈರ್ಯವಾಗಿ ತಿನ್ನಲು ಶುರು ಮಾಡಿದ ಮೇಲೆ ಹೂಡಿ, ಅದೂ ಒಂದಲ್ಲ, ಒಂದೇ ರಾತ್ರಿ ಆದಷ್ಟು ಜಾಸ್ತಿ. ಸುಟ್ಟ ಒಣಕೊಬ್ಬರಿ ಅಥವಾ ಶೇಂಗಾವನ್ನು ದಾರದಲ್ಲಿ ಕಟ್ಟಿಬಿಡಿ, ಎಳೆದುಕೊಂಡು ಹೋಗಬಾರದು. ಅಂಟಿನ ಹಲಗೆ ಮಾತ್ರ ಬೇಡ. ಅದಕ್ಕೆ ಅಂಟಿದ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ.

ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ಬಿಟ್ಟು ಒಟ್ಟಿ. ದಿನಬಳಕೆಯ ಜೋಳ, ಶೇಂಗಾ ತಗಡಿನ ಡಬ್ಬಿಯಲ್ಲಿರಲಿ. ಬಣವಿ, ಕಟ್ಟಿಗೆ ಗೋಡೆಗೆ ತಾಗಬಾರದು. ನುಸಿಗುಳಿಗೆ, ಖಾರಪುಡಿ ನಂಬಬೇಡಿ. ಬೆಕ್ಕು ಚಿಟ್ಟಿಲಿಗೆ ಸರಿ, ಹೆಗ್ಗಣ ಕಂಡರೆ ಅದೇ ದೂರ ಸರಿಯುತ್ತದೆ.

ಇಲಿ ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ, ಧೂಳು ಏಳುತ್ತದೆ. ಬ್ಲೀಚಿಂಗ್ ಪುಡಿ ಕಲಸಿದ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಕೈಗೆ ಕವರ್ ಹಾಕಿ ಒರೆಸಿ. ಇಲಿ ಜ್ವರ ಬರುವುದು ಇಲಿಯ ಉಚ್ಚೆ ಬೆರೆತ ನೀರು, ಕೆಸರಿನಿಂದ. ಕಾಲಿಗೆ ಗಾಯ ಇದ್ದವರು ಬರಿಗಾಲಲ್ಲಿ ಗಟಾರ ತೆಗೆಯಲು ಇಳಿಯಬೇಡಿ.

ಒಂದು ಮನೆ ಮುಚ್ಚಿದರೆ ಇಲಿ ಪಕ್ಕದ ಮನೆಗೆ ಹೋಗುತ್ತದೆ. ಮೂರು ವಾರಕ್ಕೊಮ್ಮೆ ಮರಿ ಹಾಕಬಲ್ಲ ಪ್ರಾಣಿ ಅದು. ಅದಕ್ಕೇ ಇಡೀ ಓಣಿ ಒಂದೇ ವಾರದಲ್ಲಿ ಈ ಕೆಲಸ ಮಾಡಬೇಕು. ರಾಶಿಗೆ ಮುಂಚಿನ ವಾರ ಯಾವುದೆಂದು ಇವತ್ತೇ ಗೊತ್ತು ಮಾಡೋಣ. ಸಂಘದ ದುಡ್ಡಲ್ಲಿ ಬೋನು ತಂದರೆ ಮನೆಯಿಂದ ಮನೆಗೆ ಕೊಡಬಹುದು.