ಗುರು ಗ್ರಹದ ವಿಡಿಯೋಕ್ಕ 640×480 ಸಾಕೇನ್ರಿ?

ನಮಸ್ಕಾರ ರೀ. ಗದಗದ ಕಡಿಂದ ಬಂದ ಪ್ರಶ್ನೆ: "ಟೆಲಿಸ್ಕೋಪಿಗೆ 1920×1080 ಪಿಕ್ಸೆಲ್ ಕ್ಯಾಮೆರಾ ತಗೊಂಡು ಕ್ಯಾಪ್ಚರ್ ಏರಿಯಾ (ಫ್ರೇಮಿನಾಗ ರೆಕಾರ್ಡ್ ಆಗೂ ಭಾಗ) 640×480ಕ್ಕ ಯಾಕ ಇಳಿಸಬೇಕು? ಗುರು ಜೂಮ್ ಆಗ್ತಾನೇನು?"

ಆಗೂದಿಲ್ರಿ. ಸ್ಕ್ರೀನ್ ತುಂಬಾಕ ಹಿಗ್ಗಿಸಿ ತೋರಸ್ತೈತಿ, ಅಷ್ಟ. ಟೆಲಿಸ್ಕೋಪಿಗೆ 2000 ಮಿ.ಮೀ. ಫೋಕಲ್ ಲೆಂತ್, ಕ್ಯಾಮೆರಾಕ್ಕ 2.9 ಮೈಕ್ರಾನ್ ಪಿಕ್ಸೆಲ್ ಇದ್ರ, ಆಕಾಶದಾಗ 45 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದ್ರ ಡಿಗ್ರಿಯ 3600ನೇ ಪಾಲು) ಕಾಣೂ ಗುರು ಬರೇ 150 ಪಿಕ್ಸೆಲ್ ಅಗಲ. ಪೂರ್ತಿ ಫ್ರೇಮಿನಾಗ ನೂರಕ್ಕ ಒಂದು ಪಾಲೂ ಅಲ್ಲ. ಉಳಿದದ್ದು ಕರೀ ಆಕಾಶ.

[ಸ್ಕ್ರೀನ್ ಮ್ಯಾಲೆ: 8 ಬಿಟ್, ಸೆಕೆಂಡಿಗೆ 100 ಫ್ರೇಮ್, 2 ನಿಮಿಷ. ಪೂರ್ತಿ ಫ್ರೇಮ್: 25 ಜಿಬಿ. 640×480: 3.7 ಜಿಬಿ]

ಎಸ್‌ಎಸ್‌ಡಿ ತುಂಬ ಕತ್ತಲಿ ಕೂಡಿಡೂ ಹವ್ಯಾಸ ಇದ್ದವರು ಪೂರ್ತಿ ಫ್ರೇಮ್ ಇಡ್ರಿ.

ಗುರು ಸುಮಾರು 10 ತಾಸಿಗೊಮ್ಮೆ ತಿರುಗ್ತಾನ, ಹೆಚ್ಚು ಹೊತ್ತು ಹಿಡದ್ರ ಚಿತ್ರ ಮಸಕಾಗ್ತೈತಿ. ಅದಕ್ಕ ಎರಡು-ಮೂರು ನಿಮಿಷದಾಗ ಎಷ್ಟು ಫ್ರೇಮ್ ಸಿಗ್ತಾವೋ ಅಷ್ಟು ಹಿಡದು, ಗಾಳಿ ತೆಪ್ಪಗಿದ್ದಾಗಿನ ಫ್ರೇಮ್ ಆರಿಸಿ ಸ್ಟ್ಯಾಕ್ ಮಾಡೂದು, ಅಂದ್ರ ಒಂದರ ಮ್ಯಾಲೊಂದು ಸೇರಿಸಿ ಒಂದ ಚಿತ್ರ ಮಾಡೂದು. ಇದು ನಿಮಗ ಗೊತ್ತೈತಿ.

ಗೊತ್ತಿಲ್ಲದ್ದು ಇಲ್ಲೈತಿ. ಬೆಟಗೇರಿ ಮಗ್ಗ ನೋಡೀರೇನು? ಲಾಳಿ ಒಮ್ಮೆ ಹಾಯ್ದ್ರ ಒಂದು ಹೊಕ್ಕು. ಸೀರಿ ಉದ್ದ ಕಡಿಮಿ ಮಾಡ್ರಿ, ಲಾಳಿ ಹೊಡೆತ ಉಳೀತಾವು. ಅಗಲ ಒಂದು ಗೇಣು ಕಡಿಮಿ ಮಾಡ್ರಿ, ನೂಲು ಉಳೀತೈತಿ, ಹೊಡೆತ ಒಂದೂ ಉಳಿಯೂದಿಲ್ಲ. ಸಿಮೋಸ್ ಸೆನ್ಸರೂ (ಕ್ಯಾಮೆರಾದಾಗ ಬೆಳಕು ಹಿಡಿಯೂ ಚಿಪ್) ಹಂಗ, ಸಾಲು ಸಾಲಾಗಿ ಓದ್ತೈತಿ. 1080 ಸಾಲು 480 ಆದ್ರ ಹೊಡೆತ ಅರ್ಧಕ್ಕಿಂತ ಕಡಿಮಿ, ಸೆಕೆಂಡಿಗೆ ಸಿಗೂ ಫ್ರೇಮ್ ಏರ್ತಾವು. ಅಗಲ ಇಳಿಸಿದ್ರ ಫೈಲ್ ಸಣ್ಣದಾಗ್ತೈತಿ, ಆದ್ರ ಬಹಳಷ್ಟು ಕ್ಯಾಮೆರಾದಾಗ ವೇಗ ಅಷ್ಟೇನೂ ಏರೂದಿಲ್ಲ.

ಇದರ ಲಾಭ ತಗೋರಿ. ಗುರುವಿನ ಚಂದ್ರ ಐಓನೂ ಬೇಕಂದ್ರ, ಗುರುವಿನ ಪಟ್ಟಿ ಫ್ರೇಮಿಗೆ ಅಡ್ಡ ಬರೂ ಹಂಗ ಕ್ಯಾಮೆರಾ ತಿರುಗಿಸ್ರಿ. ಚಂದ್ರರು ಹೆಚ್ಚುಕಡಿಮಿ ಅದ ಗೆರಿ ಮ್ಯಾಲೆ ಇರ್ತಾರ. ಅಗಲ 1200, ಎತ್ತರ 400 ಇಡ್ರಿ, ವೇಗ ಹೋಗೂದಿಲ್ಲ. ಯುಎಸ್‌ಬಿ 2 ಪೋರ್ಟಿಗೆ ಹಚ್ಚಿದ್ರ ಮಾತ್ರ ಈ ಆಟ ನಡಿಯೂದಿಲ್ಲ. ಅಲ್ಲಿ ಸೆಕೆಂಡಿಗೆ 40 ಎಂಬಿ ಆಸುಪಾಸು ದಾರಿ ಕಟ್ಟತೈತಿ, ಫ್ರೇಮ್ ಬೀಳಾಕ ಹತ್ತತಾವು.

ಟೈಮ್ ಆತು, ಉಳಿದದ್ದು ಲಗೂನ. ಎಕ್ಸ್‌ಪೋಜರ್ (ಒಂದು ಫ್ರೇಮ್ ಬೆಳಕು ಹಿಡಿಯೂ ಹೊತ್ತು) 20 ಮಿಲಿಸೆಕೆಂಡ್ ಇದ್ರ ಏರಿಯಾ ಎಷ್ಟ ಸಣ್ಣದು ಮಾಡ್ರಿ, ಸೆಕೆಂಡಿಗೆ 50 ಫ್ರೇಮ್ ದಾಟೂದಿಲ್ಲ. ಮೊದಲ ಅದನ್ನ 10 ಮಿಲಿಸೆಕೆಂಡಿಗೆ ಇಳಿಸಿ ಗೇನ್ (ಸೆನ್ಸರಿನ ಸಿಗ್ನಲ್ ಹೆಚ್ಚಿಸೂ ಸೆಟ್ಟಿಂಗ್) ಏರಿಸ್ರಿ. ಗ್ರಹಾನ ಪೂರ್ತಿ ಫ್ರೇಮಿನಾಗ ನಡುವ ತಂದು ಆಮ್ಯಾಲೆ ಏರಿಯಾ ಇಳಿಸ್ರಿ, ಇಲ್ಲಂದ್ರ ಕತ್ತಲ್ಯಾಗ ಹುಡುಕೂದ ಕೆಲಸ. ಟ್ರ್ಯಾಕಿಂಗ್ ಇಲ್ಲದ, ಕೈಲೆ ತಿರುಗಿಸೂ ಡಾಬ್ಸೋನಿಯನ್ ಟೆಲಿಸ್ಕೋಪಿನಾಗ ಗುರು 640 ಪಿಕ್ಸೆಲ್ ಅಗಲಾನ 10-15 ಸೆಕೆಂಡಿನಾಗ ದಾಟಿಬಿಡ್ತಾನ. ಅಂಥಾ ಟೆಲಿಸ್ಕೋಪ್ ಇದ್ದವರು ಅಗಲ ಪೂರ್ತಿ ಬಿಟ್ಟು, ಗ್ರಹ ಸರಿಯೂ ದಿಕ್ಕಿಗೆ ಅದನ್ನ ಹೊಂದಿಸಿ, ಎತ್ತರ ಅಷ್ಟ ಕತ್ತರಿಸ್ರಿ.

ಮತ್ತ ಹುಬ್ಬಳ್ಳಿ ಬ್ಯಾಸಿಗಿಯೊಳಗ ಹಗಲೆಲ್ಲಾ ಕಾದ ಸ್ಲ್ಯಾಬ್ ಮ್ಯಾಲೆ ಸಂಜೀಕ ಟೆಲಿಸ್ಕೋಪ್ ಇಟ್ಟು "200 ಫ್ರೇಮ್ ಬಂದ್ರೂ ಗುರು ಕುದೀತಾನ" ಅಂತ ಕಾಮೆಂಟ್ ಹಾಕಬ್ಯಾಡ್ರಿ. ಕಾದ ಸ್ಲ್ಯಾಬಿನ ಬಿಸಿಗಾಳಿಗೆ ಚಿತ್ರ ನಡಗ್ತೈತಿ. ಸ್ಲ್ಯಾಬ್ ಆರಲಿ.