ಐರ್ಲೆಂಡಿನ ಬಡವರು ಭಿಕ್ಷುಕರನ್ನು ಬರಿಗೈಯಲ್ಲಿ ಕಳುಹಿಸುತ್ತಿರಲಿಲ್ಲವೇಕೆ?

ನಮಸ್ಕಾರ. 1937ರಲ್ಲಿ ಐರ್ಲೆಂಡಿನ ಜಾನಪದ ಆಯೋಗವು ಶಾಲಾಮಕ್ಕಳಿಗೆ ಊರಿನ ಹಿರಿಯರಿಂದ ಹಳೆಯ ಸಂಗತಿಗಳನ್ನು ಕೇಳಿ ಬರೆದು ತರುವ ಕೆಲಸವನ್ನು ಒಪ್ಪಿಸಿತು. ಸುಮಾರು 5,000 ಶಾಲೆಗಳು ಕೈಜೋಡಿಸಿದ ಆ ಸಂಗ್ರಹದಲ್ಲಿ ಊರಿಗೆ ಬರುತ್ತಿದ್ದ ಅಲೆಮಾರಿಗಳೂ ಒಂದು ವಿಷಯ. ಸೂಜಿ, ದಾರ ಮಾರುವವರು, ತಗಡಿನ ಪಾತ್ರೆ ಮಾಡುವವರು, ಭಿಕ್ಷುಕರು, ಎಲ್ಲರೂ ಅಲ್ಲಿದ್ದಾರೆ. ತಾವೇ ಅರೆಹೊಟ್ಟೆಯಲ್ಲಿದ್ದ ಮನೆಯವರು ಇವರಿಗೆ ಏಕೆ ಕೊಡುತ್ತಿದ್ದರು ಎಂಬುದು ನಮ್ಮ ಪ್ರಶ್ನೆ.

ಶಾಪದ ಭಯ ಎಂದು ಹೇಳಿ ಮುಗಿಸಬಹುದು. ಭಿಕ್ಷುಕರು ಪ್ರತಿಯಾಗಿ ಪ್ರಾರ್ಥನೆಯನ್ನು ಕೊಡುತ್ತಿದ್ದುದೂ ನಿಜ. ಆದರೆ ಒಂದು ಶತಮಾನ ಹಿಂದಕ್ಕೆ ಹೋದರೆ ಇನ್ನೂ ಗಟ್ಟಿಯಾದ ಕಾರಣ ಸಿಗುತ್ತದೆ. 1833ರಲ್ಲಿ ಆರ್ಚ್‌ಬಿಷಪ್ ರಿಚರ್ಡ್ ವೇಟ್ಲಿ ಅವರ ನೇತೃತ್ವದಲ್ಲಿ ನೇಮಕವಾದ ಬಡತನದ ವಿಚಾರಣಾ ಆಯೋಗವು ಹಳ್ಳಿಗಳಲ್ಲಿ ಬಹಿರಂಗ ಸಭೆ ನಡೆಸಿ, ಪಾದ್ರಿ, ರೈತ, ಕೂಲಿಗಾರರ ಜೊತೆಗೆ ಭಿಕ್ಷುಕರ ಹೇಳಿಕೆಯನ್ನೂ ಬರೆದುಕೊಂಡಿತು. ಬಡವರ ಬಗ್ಗೆ ಬಡವರನ್ನೇ ಕೇಳುವ ಇಂಥ ಸರ್ಕಾರಿ ಆಯೋಗ ಇಂದಿಗೂ ಅಪರೂಪವೇ ಸರಿ!

ಆ ಹೇಳಿಕೆಗಳಿಂದ ತಿಳಿಯುವುದೇನೆಂದರೆ, ಹಳೆಯ ಆಲೂಗಡ್ಡೆ ತೀರಿ ಹೊಸದು ಇನ್ನೂ ಬಾರದ ಬೇಸಿಗೆಯ ವಾರಗಳಲ್ಲಿ ಅನೇಕ ಕೂಲಿಗಾರರು ಕೊಯ್ಲಿನ ಕೆಲಸಕ್ಕೆಂದು ಇಂಗ್ಲೆಂಡಿಗೆ ಹೋಗುತ್ತಿದ್ದರು. ಹೆಂಡತಿಯರು ಗುಡಿಸಲಿನ ಬಾಗಿಲು ಮುಚ್ಚಿ, ಮಕ್ಕಳನ್ನು ಕರೆದುಕೊಂಡು, ಪರಿಚಯದವರ ಕಣ್ಣಿಗೆ ಬೀಳಬಾರದೆಂದು ದೂರದ ಊರುಗಳಿಗೆ ಹೋಗಿ ಬೇಡುತ್ತಿದ್ದರು. ಅಂದರೆ ಜುಲೈನಲ್ಲಿ ಕೈಚಾಚಿದವಳು ಅಕ್ಟೋಬರಿನಲ್ಲಿ ತನ್ನ ಬಾಗಿಲಿಗೆ ಬಂದವರಿಗೆ ಕೊಡುವವಳೂ ಆಗಿರುತ್ತಿದ್ದಳು. ಕೊಡುತ್ತಿದ್ದದ್ದು ಹಣವಲ್ಲ, ಬೊಗಸೆ ಆಲೂಗಡ್ಡೆ. ರಾತ್ರಿಯಾದರೆ ಅಡುಗೆಮನೆಯ ಬೆಂಕಿಯ ಬಳಿ ಹುಲ್ಲಿನ ಹಾಸಿಗೆ. ಹೆಚ್ಚಿನ ಭಾರ ಹೊತ್ತವರು ಭೂಮಾಲೀಕರಲ್ಲ, ಸಣ್ಣ ರೈತರು ಮತ್ತು ಕೂಲಿಗಾರರು. ನನ್ನ ದೃಷ್ಟಿಯಲ್ಲಿ ಇದು ದಾನಕ್ಕಿಂತ ಹೆಚ್ಚಾಗಿ ಕಾಗದಪತ್ರವಿಲ್ಲದ ವಿಮೆ.

ಸಮಯ ಮೀರುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಆಗ ಐರ್ಲೆಂಡನ್ನು ಆಳುತ್ತಿದ್ದ ಲಂಡನ್ನಿನ ಸರ್ಕಾರ ಮೂರು ವರ್ಷದ ಆ ವಿಚಾರಣೆಯ ಶಿಫಾರಸನ್ನು ಬದಿಗಿಟ್ಟು, ಕೆಲವೇ ವಾರ ಐರ್ಲೆಂಡನ್ನು ಸುತ್ತಿದ ಇಂಗ್ಲೆಂಡಿನ ಬಡವರ ಕಾನೂನಿನ ಅಧಿಕಾರಿ ಜಾರ್ಜ್ ನಿಕೋಲ್ಸ್ ಅವರ ಸಲಹೆಯಂತೆ 1838ರ ಕಾನೂನಿನಿಂದ ಬಡವರನ್ನು ದುಡಿಸುವ ವಸತಿಗೃಹಗಳನ್ನು ತೆರೆಯಿತು. 1847ರಲ್ಲಿ, ಆಲೂಗಡ್ಡೆ ಬೆಳೆ ಕೆಟ್ಟು ಬಂದ ಮಹಾಕ್ಷಾಮದ ನಡುವೆಯೇ, ಭಿಕ್ಷೆ ಬೇಡುವುದನ್ನು ಅಪರಾಧವಾಗಿಸಿತು. ಇನ್ನು ತಗಡಿನ ಕೆಲಸದವರನ್ನು ಭಿಕ್ಷುಕರೊಂದಿಗೆ ಬೆರೆಸಬಾರದು. ಅವರಲ್ಲಿ ಅನೇಕರು ಟ್ರಾವೆಲರ್ ಎಂಬ, ತಮ್ಮದೇ ನುಡಿಯುಳ್ಳ ಸಮುದಾಯದವರು. ಪ್ಲಾಸ್ಟಿಕ್ ಬಕೆಟ್ಟು ಬಂದು ಅವರ ಕಸುಬು ಕುಸಿಯಿತು. ಪ್ರತ್ಯೇಕ ಜನಾಂಗವೆಂಬ ಮಾನ್ಯತೆಯನ್ನು ಐರಿಷ್ ಸರ್ಕಾರ ಅವರಿಗೆ ಕೊಟ್ಟದ್ದು 2017ರ ಮಾರ್ಚ್ 1ರಂದು.