ಕಾರ್ತಿಕದ ತರಕಾರಿ, ಹೊಟ್ಟೆ ತುಂಬುವ ಕೋಸಂಬರಿ

ಕೇಳುಗರಿಗೆ ನಮಸ್ಕಾರ.

ಮಳೆ ಹಿಂದೆ ಸರಿದು ಬೆಳಗಿನ ಇಬ್ಬನಿ ಶುರುವಾಗುವ ಕಾಲ ಇದು. ಸಂತೆಯಲ್ಲಿ ಹೊಸ ಗೆಣಸು, ಮಣ್ಣು ಮೆತ್ತಿದ ಹಸಿ ಕಡಲೆಕಾಯಿ, ಬಿಳಿ ಮೂಲಂಗಿ, ಎಳೆ ಮೆಂತ್ಯದ ಸೊಪ್ಪು, ತುಳಸಿ ಪೂಜೆಗೆಂದು ಬಂದ ನೆಲ್ಲಿಕಾಯಿ ಎಲ್ಲ ಒಟ್ಟಿಗೆ ಸಿಗುತ್ತವೆ. ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನೆರೆಯುವುದೂ ಈ ಹೊಸ ಬೆಳೆಯ ಹೊತ್ತಿಗೇ. ಕೋಸಂಬರಿ ಎಂದರೆ ಎಲೆಯ ತುದಿಗೆ ಬಡಿಸುವ ಒಂದು ಚಮಚ ಎಂದೇ ನಮಗೆ ರೂಢಿ. ಈ ತರಕಾರಿಗಳನ್ನು ಸೇರಿಸಿದರೆ ಅದೇ ಕೋಸಂಬರಿ ರಾತ್ರಿಯ ಊಟವೇ ಆಗಬಲ್ಲದು. ನಾಲ್ಕು ಜನರ ಲೆಕ್ಕದಲ್ಲಿ ಅದರ ವಿಧಾನವನ್ನು ಹೇಳುತ್ತೇನೆ.

ಕೋಸಂಬರಿ ಕೆಡುವುದು ಬಹುತೇಕ ನೀರಿನಿಂದ. ಉಪ್ಪು ತಾಗಿದ ಕೂಡಲೇ ಹಸಿ ತರಕಾರಿ ತನ್ನೊಳಗಿನ ನೀರನ್ನು ಬಿಟ್ಟುಕೊಡುತ್ತದೆ. ಅರ್ಧ ಗಂಟೆಯಲ್ಲಿ ಪಾತ್ರೆಯ ತಳದಲ್ಲಿ ಉಪ್ಪು, ಹುಳಿ, ಖಾರ ಎಲ್ಲ ಇಳಿದು ನಿಂತು, ಮೇಲಿನ ತರಕಾರಿ ಸಪ್ಪೆಯಾಗುತ್ತದೆ. ಆದ್ದರಿಂದ ಒಂದೊಂದು ತರಕಾರಿಯ ನೀರನ್ನೂ ಅದಕ್ಕೆ ತಕ್ಕ ಹಾಗೆ ನೋಡಿಕೊಳ್ಳಬೇಕು.

ಮೊದಲು ಗೆಣಸು ಮತ್ತು ಕಡಲೆಕಾಯಿಯ ಕೋಸಂಬರಿ. ಗೆಣಸು ಅರ್ಧ ಕಿಲೋ, ಸಿಪ್ಪೆಯ ಸಮೇತ ಹಸಿ ಕಡಲೆಕಾಯಿ ಅರ್ಧ ಕಿಲೋ. ಗೆಣಸು ಗಟ್ಟಿಯಾಗಿರಲಿ, ಸಣ್ಣ ತೂತುಗಳು ಇರಬಾರದು. ತೂತಿದ್ದರೆ ಒಳಗೆ ಹುಳು ಹೊಕ್ಕಿದೆ ಎಂದು ತಿಳಿಯಿರಿ. ಹುಳು ತಿಂದ ಗೆಣಸಿನಲ್ಲಿ ಕಹಿ ಹುಟ್ಟುತ್ತದೆ, ಆ ಭಾಗವನ್ನು ಕೊಯ್ದು ತೆಗೆದರೂ ಉಳಿದದ್ದರಲ್ಲಿ ಕಹಿ ಇರುತ್ತದೆ. ಅಂಥದ್ದನ್ನು ಪೂರ್ತಿ ಬಿಸಾಡುವುದೇ ಸರಿ.

ಕಡಲೆಕಾಯಿಯನ್ನು ಮಣ್ಣು ಹೋಗುವ ತನಕ ಮೂರು ನಾಲ್ಕು ನೀರಿನಲ್ಲಿ ಉಜ್ಜಿ ತೊಳೆಯಿರಿ. ಒಂದೂವರೆ ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಉಪ್ಪು ಹಾಕಿ, ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿ, ಉರಿ ತಗ್ಗಿಸಿ ಇನ್ನು ಹತ್ತು ನಿಮಿಷ ಬಿಡಿ. ಆವಿ ಇಳಿದ ಮೇಲೂ ಅರ್ಧ ಗಂಟೆ ಅದೇ ನೀರಿನಲ್ಲಿ ಇರಲಿ. ಉಪ್ಪು ಸಿಪ್ಪೆ ದಾಟಿ ಬೀಜಕ್ಕೆ ಇಳಿಯುವುದು ಆ ಅರ್ಧ ಗಂಟೆಯಲ್ಲೇ, ಆತುರದಲ್ಲಿ ಬಸಿದರೆ ಬೀಜ ಸಪ್ಪೆ ಉಳಿಯುತ್ತದೆ. ಬಿಡಿಸುವಾಗ ಒಳಗೆ ಕಪ್ಪಾದ, ಬೂಸಲು ಹಿಡಿದ ಬೀಜ ಕಂಡರೆ ರುಚಿ ನೋಡಲೂ ಹೋಗಬೇಡಿ, ಎಸೆದುಬಿಡಿ. ಒಂದೂವರೆ ಬಟ್ಟಲಿನ ಆಸುಪಾಸು ಬೀಜ ಸಿಗುತ್ತದೆ.

ಗೆಣಸನ್ನು ಮಾತ್ರ ಕುಕ್ಕರಿಗೆ ಹಾಕಬೇಡಿ. ಅದು ನಿಧಾನವಾಗಿ ಬಿಸಿಯಾದಾಗ ಅದರೊಳಗಿನ ಪಿಷ್ಟ ಸಕ್ಕರೆಯಾಗಿ ಬದಲಾಗುತ್ತದೆ. ಕುಕ್ಕರಿನ ಜೋರು ಕಾವಿನಲ್ಲಿ ಅದಕ್ಕೆ ಸಮಯವೇ ಸಿಗುವುದಿಲ್ಲ, ಸಿಹಿ ಕಡಿಮೆಯಾಗುತ್ತದೆ, ಮೈ ನೀರು ಕುಡಿದು ಒಡೆಯುತ್ತದೆ. ಇಡ್ಲಿ ಪಾತ್ರೆಯಲ್ಲಿ ಸಿಪ್ಪೆ ಸಮೇತ, ಇಡಿಯಾಗಿ, ನಡುಗಾತ್ರದ್ದಾದರೆ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಹಬೆಯಲ್ಲಿ ಬೇಯಿಸಿ. ಚಾಕು ಚುಚ್ಚಿದರೆ ನಡುವೆ ಸ್ವಲ್ಪ ಬಿಗಿ ತಾಗಬೇಕು, ಆಗ ಇಳಿಸಿ. ನಂತರ ಒಂದು ಗಂಟೆ ತಣಿಯಲು ಬಿಡುವುದು ಮುಖ್ಯ. ಬಿಸಿಯಿರುವಾಗಲೇ ಕೊಯ್ದರೆ ಹೋಳು ಮುದ್ದೆಯಾಗುತ್ತದೆ, ತಣಿದ ಗೆಣಸು ಗಟ್ಟಿಯಾಗಿ ಚೊಕ್ಕ ಹೋಳು ಕೊಡುತ್ತದೆ. ಸಿಪ್ಪೆ ಸುಲಿದು ಬೆರಳಗಲದ ಹೋಳು ಮಾಡಿ. ಮನಸ್ಸಿದ್ದರೆ ಕಾದ ಕಬ್ಬಿಣದ ಕಾವಲಿಯ ಮೇಲೆ ಒಂದು ಚಮಚ ಎಣ್ಣೆಯಲ್ಲಿ ಒಂದು ಬದಿ ಕೆಂಪಾಗುವಂತೆ ಹುರಿದುಕೊಳ್ಳಿ. ಇದೊಂದು ಕೆಲಸದಿಂದ ರುಚಿ ಎಷ್ಟು ಏರುತ್ತದೆ ಎಂದರೆ, ಸಮಯವಿದ್ದರೆ ಬಿಡಲೇಬಾರದು.

ಹುಳಿಗೆ ಮೂರು ನೆಲ್ಲಿಕಾಯಿ ತುರಿದು ಹಾಕಿ. ಗೆಣಸಿನ ಸಿಹಿಗೆ ನಿಂಬೆಗಿಂತ ನೆಲ್ಲಿಯ ಒಗರೇ ಒಪ್ಪುತ್ತದೆ. ಸ್ಟೀಲಿನ ತುರಿಮಣೆಯನ್ನೇ ಬಳಸಿ, ಕಬ್ಬಿಣ ತಾಗಿದರೆ ನೆಲ್ಲಿಯ ಒಗರು ಅದರೊಡನೆ ಸೇರಿ ಕಪ್ಪಾಗುತ್ತದೆ. ಒಂದು ಅಂಗುಲ ಶುಂಠಿ, ಎರಡು ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು ಹೆಚ್ಚಿ ಸೇರಿಸಿ. ಎರಡು ಚಿಕ್ಕ ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಮಾಡಿ, ಎರಡು ನಿಮಿಷ ಆರಿದ ಮೇಲೆ ಸುರಿಯಿರಿ. ಉಪ್ಪನ್ನು ರುಚಿ ನೋಡಿಯೇ ಹಾಕಿ, ಕಡಲೆಬೀಜದಲ್ಲಿ ಆಗಲೇ ಸಾಕಷ್ಟಿದೆ. ಕಲಸುವುದಕ್ಕಿಂತ ಪಾತ್ರೆಯನ್ನೇ ಎರಡು ಬಾರಿ ಮೇಲೆ ಕೆಳಗೆ ಕುಲುಕಿದರೆ ಹೋಳು ಒಡೆಯುವುದಿಲ್ಲ.

ಇನ್ನು ಬಾಗಲಕೋಟೆ, ವಿಜಯಪುರ, ಧಾರವಾಡದ ಕಡೆಯ ಮೆಂತ್ಯದ ಪಚಡಿ. ಜೋಳದ ರೊಟ್ಟಿಯ ಜೊತೆ ಹಸಿ ಸೊಪ್ಪನ್ನು ತಿನ್ನುವ ಆ ಪದ್ಧತಿಯನ್ನು ನಾಡಿನ ಉಳಿದ ಭಾಗದವರೂ ಕಲಿಯಬೇಕು. ಎಳೆಯ, ಹೂ ಬಿಡದ ಮೆಂತ್ಯ ಸೊಪ್ಪೇ ಆಗಬೇಕು, ಬಲಿತಿದ್ದರೆ ಕಹಿ ಮಿತಿ ಮೀರುತ್ತದೆ. ಬೇರು ಕತ್ತರಿಸಿ, ಅಗಲವಾದ ಪಾತ್ರೆಯ ನೀರಿನಲ್ಲಿ ಅದ್ದಿ, ಸೊಪ್ಪನ್ನು ಮೇಲಕ್ಕೆ ಎತ್ತಿ ತೆಗೆಯಿರಿ. ಪಾತ್ರೆಯನ್ನು ಬಗ್ಗಿಸಿ ಸೋಸಿದರೆ ತಳದ ಮರಳು ಮತ್ತೆ ಸೊಪ್ಪಿನ ಮೇಲೇ ಬೀಳುತ್ತದೆ. ಮೂರು ಸಲ ಹೀಗೆ ಮಾಡಿ, ಬಟ್ಟೆಯ ಮೇಲೆ ಹರವಿ ಪೂರ್ತಿ ಆರಿಸಿ. ಒದ್ದೆ ಸೊಪ್ಪಿಗೆ ಎಣ್ಣೆ ಹತ್ತುವುದಿಲ್ಲ.

ಹರಿತವಾದ ಚಾಕುವಿನಿಂದ ಸಣ್ಣಗೆ ಹೆಚ್ಚಿದ ಸೊಪ್ಪು ಎರಡು ಬಟ್ಟಲು, ಈರುಳ್ಳಿ ಒಂದು, ಬೀಜ ತೆಗೆದ ಸೌತೆಕಾಯಿ ಒಂದು, ತುರಿದ ಗಜ್ಜರಿ ಒಂದು. ಹೊಟ್ಟೆಗೆ ಗಟ್ಟಿಯಾಗಲು ನೆನೆಸಿದ ಹೆಸರುಬೇಳೆ ಅರ್ಧ ಬಟ್ಟಲು. ಕಲಸುವ ಕ್ರಮದಲ್ಲೇ ಇದರ ಗುಟ್ಟಿದೆ. ಮೊದಲು ಒಂದು ದೊಡ್ಡ ಚಮಚ ಹಸಿ ಶೇಂಗಾ ಎಣ್ಣೆ ಹಾಕಿ ಸೊಪ್ಪಿಗೆಲ್ಲ ಹತ್ತುವಂತೆ ಮಾಡಿ. ಎಲೆಯ ಮೇಲೆ ಎಣ್ಣೆಯ ಪದರ ಕೂತರೆ ಉಪ್ಪು ಬೇಗ ಒಳಗಿಳಿಯುವುದಿಲ್ಲ, ಸೊಪ್ಪು ಬಾಡುವುದಿಲ್ಲ. ಆಮೇಲೆ ಶೇಂಗಾ ಪುಡಿ ಎರಡು ಚಮಚ, ಗುರೆಳ್ಳು ಪುಡಿ ಒಂದು ಚಮಚ. ಮೈಸೂರಿನ ಕಡೆ ಹುಚ್ಚೆಳ್ಳು ಎನ್ನುತ್ತಾರಲ್ಲ, ಅದೇ ಗುರೆಳ್ಳು. ಸಣ್ಣ ಉರಿಯಲ್ಲಿ ಹುರಿಯಿರಿ, ಚಟಪಟ ಸದ್ದು ಬಂದ ಕೂಡಲೇ ಇಳಿಸಿ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಸೀದು ಕಹಿಯಾಗುತ್ತದೆ, ಮೆಂತ್ಯದ ಕಹಿಗೆ ಅದೂ ಸೇರಿದರೆ ತಿನ್ನಲಾಗದು. ಉಪ್ಪು ಅರ್ಧ ಚಿಕ್ಕ ಚಮಚ, ಅರ್ಧ ನಿಂಬೆಯ ರಸ, ಚಿಟಿಕೆ ಬೆಲ್ಲ, ಇವು ತಟ್ಟೆ ಹಾಕಿದ ಮೇಲೆ.

ಮೂಲಂಗಿ ಮತ್ತು ಹೆಸರುಬೇಳೆಯದು ಎಲ್ಲರಿಗೂ ಗೊತ್ತಿರುವ ಕೋಸಂಬರಿ. ಎರಡು ಮಾತು ಸಾಕು. ಒಂದು ಬಟ್ಟಲು ಬೇಳೆ ಒಂದು ಗಂಟೆ ನೆನೆಯಲಿ. ಉಗುರು ಒತ್ತಿದರೆ ಸುಲಭವಾಗಿ ತುಂಡಾಗಬೇಕು, ಹಲ್ಲಿಗೆ ಮಾತ್ರ ಕರುಂ ಎನ್ನಬೇಕು. ರಾತ್ರಿಯಿಡೀ ನೆನೆಸಿದರೆ ಮೆತ್ತಗಾಗಿ ಹುಳಿ ವಾಸನೆ ಬರುತ್ತದೆ. ಜರಡಿಯಲ್ಲಿ ಕಾಲು ಗಂಟೆ ಬಸಿಯಲು ಬಿಡಿ. ಕಾಲು ಕಿಲೋ ಮೂಲಂಗಿ ತುರಿದು, ಅರ್ಧ ಚಿಕ್ಕ ಚಮಚ ಉಪ್ಪು ಸವರಿ, ಹತ್ತು ನಿಮಿಷದ ನಂತರ ಹಿಂಡಿ. ಘಾಟೂ ಇಳಿಯುತ್ತದೆ, ನೀರೂ ಹೋಗುತ್ತದೆ. ಆ ನೀರನ್ನು ಚೆಲ್ಲದೆ ರೊಟ್ಟಿ ಹಿಟ್ಟಿಗೆ ಹಾಕಿ ಕಲಸಿ. ಈ ಕೋಸಂಬರಿಯನ್ನು ಮಾಡಿದ ಗಂಟೆಯೊಳಗೆ ತಿನ್ನಬೇಕು, ಮುಚ್ಚಿಟ್ಟರೆ ಮೂಲಂಗಿಯ ವಾಸನೆ ಮನೆಯಿಡೀ ತುಂಬುತ್ತದೆ.

ಬೀಟ್‌ರೂಟ್ ಸೇರಿಸುವುದಾದರೆ, ತುದಿಯ ದಂಟು ಒಂದು ಅಂಗುಲ ಬಿಟ್ಟು, ಸಿಪ್ಪೆ ಸಮೇತ ಬೇಯಿಸಿ. ಸುಲಿದು ಬೇಯಿಸಿದರೆ ಬಣ್ಣವೆಲ್ಲ ನೀರಿಗೆ ಹೋಗುತ್ತದೆ. ಹೋಳುಗಳಿಗೆ ಎಣ್ಣೆ ಸವರಿ, ಕೊನೆಯಲ್ಲಿ ಮೇಲೆ ಉದುರಿಸಿ. ಮೊದಲೇ ಕಲಸಿದರೆ ಬೇಳೆ, ಕಾಯಿತುರಿ ಎಲ್ಲ ಒಂದೇ ಕೆಂಪಾಗುತ್ತದೆ.

ಅವರೆಕಾಳು ಬಂದ ಮೇಲೆ ಗೆಣಸಿನ ಜಾಗಕ್ಕೆ ಅದನ್ನು ತರಬಹುದು. ಅವರೆಯನ್ನು ಹಸಿಯಾಗಿ ಹಾಕಬಾರದು, ಪೂರ್ತಿ ಬೇಯಲೇಬೇಕು. ಹೇರಳ ನೀರಿನಲ್ಲಿ, ಮುಚ್ಚಳ ತೆರೆದು, ಎಳೆಯದಾದರೆ ಸುಮಾರು ಕಾಲು ಗಂಟೆ. ಬಲಿತ ಕಾಳಿಗೆ ಇನ್ನೂ ಹೆಚ್ಚು ಹೊತ್ತು ಬೇಕು, ಬೆರಳಲ್ಲಿ ಹಿಸುಕಿ ನೋಡಿ. ಬೇಯಿಸಿದ ನೀರನ್ನು ಬಸಿದು ಚೆಲ್ಲಿ. ನಿಂಬೆರಸವನ್ನು ಬಡಿಸುವ ಕ್ಷಣದಲ್ಲಿ ಮಾತ್ರ ಹಾಕಿ, ಹುಳಿ ತಾಗಿ ಹೊತ್ತಾದರೆ ಕಾಳಿನ ಹಸಿರು ಮಾಸಲು ಕಂದಾಗುತ್ತದೆ.

ಬುತ್ತಿಗೆ ಕಟ್ಟುವವರಿಗೆ ಒಂದು ಮಾತು. ಗೆಣಸು ಮತ್ತು ಕಡಲೆಯದನ್ನು ಧೈರ್ಯವಾಗಿ ಒಯ್ಯಬಹುದು, ಆದರೆ ಕಾಯಿತುರಿ ಹಾಕಬೇಡಿ, ಮಧ್ಯಾಹ್ನದ ಹೊತ್ತಿಗೆ ಹಳಸುತ್ತದೆ. ಪಚಡಿಯಾದರೆ ಎಣ್ಣೆ ಸವರಿದ ಸೊಪ್ಪು ಒಂದು ಡಬ್ಬಿಯಲ್ಲಿ, ಪುಡಿಗಳೂ ಉಪ್ಪೂ ಕಾಗದದ ಪೊಟ್ಟಣದಲ್ಲಿ, ಅರ್ಧ ನಿಂಬೆಹಣ್ಣು ಬೇರೆ. ಡಬ್ಬಿ ತೆರೆದ ಮೇಲೆ ಕಲಸಿಕೊಂಡು, ರೊಟ್ಟಿ ಮುರಿದು ತಿನ್ನಿ.

ನಮಸ್ಕಾರ.